ನಮ್ಮ ಮನೆಯ ಗಂಡು ಬಾಣಂತಿ

ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ನಾನು ಕುಕನೂರು ಸೀಮೆಯ ಹಳ್ಳಿಯೊಂದರಲ್ಲಿ ಸರ್ಕಾರಿ ನರ್ಸಾಗಿದ್ದೆ. ಮಕ್ಕಳು ಸಾಕೆಂದ ಮನೆಗಳಿಂದ ಆಪರೇಷನ್ನಿಗೆ ಬರುವವಳು ಯಾವಾಗಲೂ ಹೆಂಡತಿಯೇ. ಗಂಡಸರದು ಹೊಲಿಗೆಯೂ ಬೇಡದ ಸಣ್ಣ ಕೆಲಸ, ಅವರನ್ನೂ ಒಪ್ಪಿಸಿ ಎಂದು ಇಲಾಖೆ ನಮ್ಮನ್ನು ಊರೊಳಗೆ ಅಟ್ಟಿತು.

ನಾನು ಕಟ್ಟೆಯತ್ತ ಬಂದರೆ ಸಾಕು, ಒಬ್ಬನಿಗೆ ಎತ್ತಿನ ನೆನಪಾಗುತ್ತಿತ್ತು, ಇನ್ನೊಬ್ಬನಿಗೆ ಇಲ್ಲದ ನೆಂಟರ ನೆನಪು. ಮೈಭಾರಕ್ಕೆ ಎದ್ದು ಓಡಲಾರದೆ ಉಳಿದ ಪೈಲ್ವಾನನೊಬ್ಬ ಕೇಳಿಯೇಬಿಟ್ಟ: "ಅಕ್ಕಾರ, ಅದನ್ನ ಮಾಡಿಸ್ಕೊಂಡ್ರ ಚೀಲ ಎತ್ತಾಕ ಬರೂದಿಲ್ಲಂತ. ಮೊದ್ಲ ನಿಮ್ಮ ಮನ್ಯಾರಿಗೆ ಮಾಡಸ್ರಿ, ಆಮ್ಯಾಲ ನೋಡೂಣು."

ನನ್ನ ಯಜಮಾನರದು ಹಿಟ್ಟಿನ ಗಿರಣಿ. ಎರಡನೆಯ ಮಗಳು ಹುಟ್ಟಿದಾಗಲೇ ಇನ್ನು ಸಾಕೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಬಡಿಸುತ್ತ ಪೈಲ್ವಾನನ ಮಾತು ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

"ಭಾಳ ನೋವ ಆಗತೈತೇನು?"

"ಎರಡು ಹಡದಾಕಿನ್ನ ಕೇಳ್ತೀರಲ್ರಿ!"

ಮುಂದಿನ ಆಪರೇಷನ್ ಶಿಬಿರಕ್ಕೆ ನನ್ನ ಜೊತೆ ಬಂದರು. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮುಗಿದು, ತಾವೇ ನಡೆದುಕೊಂಡು ಹೊರಬಂದರು.

ಮನೆಯಲ್ಲಿ ಮಾತ್ರ ನಮ್ಮ ಅತ್ತೆಯ ಕೈಗೆ ಸಿಕ್ಕಿಬಿದ್ದರು. ಮಗನ ಕಿವಿಗೆ ಅರಳೆ ತುರುಕಿ, ತಲೆಗೆ ಟವೆಲು ಬಿಗಿದು, ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಬಾಣಂತಿಯರಿಗೆ ಕೊಡುವ ಅಂಟಿನುಂಡೆ ಕಟ್ಟಲು ಕುಳಿತರು.

"ಅತ್ತೀ, ಎರಡು ದಿನ ಸುಮ್ಮ ಕುಂತ್ರ ಸಾಕ್ರಿ," ಎಂದೆ.

"ನೀ ಸರಕಾರದಾಕಿ, ನಾ ಹಡದಾಕಿ. ಸುಮ್ನಿರು!"

ಮೊದಲು "ಯವ್ವಾ, ಇದು ಬಾಣಂತನ ಅಲ್ಲ" ಎಂದು ಗೋಗರೆಯುತ್ತಿದ್ದ ಯಜಮಾನರು, ಬರಬರುತ್ತ "ಉಂಡಿ ಮುಗದಾವೇನು?" ಎಂದು ತಾವೇ ಕೇಳತೊಡಗಿದರು. ನನ್ನ ಬಾಣಂತನದಲ್ಲಿ ತವರಿನಲ್ಲೂ ನನಗೆ ಅಷ್ಟು ತುಪ್ಪ ಸಿಕ್ಕಿರಲಿಲ್ಲ.

ಡಾಕ್ಟರು ಹೇಳಿದಷ್ಟು ದಿನ ಕಳೆದು ಗಿರಣಿ ತೆರೆದರೆ, ಮನೆಯಲ್ಲಿ ಹಿಟ್ಟಿದ್ದವರೂ ಜೋಳ ಹೊತ್ತು ಬಂದಿದ್ದರು. ಎಲ್ಲರ ಕಣ್ಣು ಯಜಮಾನರ ಸೊಂಟದ ಮೇಲೆ. ಅವರು ಪೈಲ್ವಾನನ ಚೀಲವನ್ನೇ ಹೆಗಲಿಗೇರಿಸಿದರು, ಇಳಿಸಿದರು, ಅಂಗಿ ಕೊಡವಿಕೊಂಡರು.

ಕೆಲವು ದಿನಗಳಾದ ಮೇಲೆ ಪೈಲ್ವಾನ ನನ್ನ ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತ. ಹೆಂಡತಿ ಹಿಂದೆಯೇ ಇದ್ದಳು, ನಾಲ್ಕು ಹೆತ್ತು ಬಿಳಿಚಿಕೊಂಡ ಜೀವ.

"ಈಕಿ ಮೈಯಾಗ ರಗತ ಇಲ್ಲ, ಆಪರೇಷನ್ ಬ್ಯಾಡಂತ ಡಾಕ್ಟ್ರು ಹೊಳ್ಳಿ ಕಳಿಸ್ಯಾರ್ರಿ," ಎಂದು ನೆಲ ನೋಡುತ್ತ ಹೇಳಿದ. "ನಾನ ಬರ್ತೀನಿ. ಊರಾಗ ಹೇಳಬ್ಯಾಡ್ರಿ ಮತ್ತ."

ಕುಸ್ತಿಯಲ್ಲಿ ಇಡೀ ಊರನ್ನು ಗೆದ್ದ ಆ ದೇಹ ಶಿಬಿರದ ದಿನ ಜೀಪಿನಲ್ಲಿ ಸಣ್ಣಗೆ ನಡುಗುತ್ತಿತ್ತು. ಹೆಂಡತಿ ದಾರಿಯುದ್ದಕ್ಕೂ ಅವನ ಅಂಗೈ ಹಿಡಿದು ಕೂತಿದ್ದಳು. ನಗು ಬಂದರೆ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.