ದಪ್ಪ ಅಂಕಿಗಳ ರೈಲು

ಶನಿವಾರ, ಜೂನ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತು ಗಂಟೆ. ಪಂಗಾನಿ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಬಳಿ ಇದ್ದವರು ನಾನು ಮತ್ತು ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗಳು.

ಅವಳ ತರಗತಿಯಲ್ಲಿ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ದೇಶದ ರೈಲುಮಾರ್ಗ ಹಂಚಿದ್ದರು. ಇವಳಿಗೆ ಬಂದದ್ದು ಅಮೆರಿಕದ ಒಂದು ಸಣ್ಣ ಪ್ರಾಂತೀಯ ಕಂಪನಿ. ಗಣಿಗಾಗಿ ಹಾಕಿದ ಹಳಿ, ಆಮೇಲೆ ಹಳ್ಳಿಯವರ ಓಡಾಟ, ಕೊನೆಗೆ ದೊಡ್ಡ ಕಂಪನಿಯ ಪಾಲು. ಸೋಮವಾರ ಅವಳು ಪೋಸ್ಟರ್ ಹಿಡಿದು ತರಗತಿಯ ಮುಂದೆ ಮಾತಾಡಬೇಕು. ಪೋಸ್ಟರ್ ಮುದ್ರಿಸುವ, ಪಕ್ಕದ ಬಡಾವಣೆ ನ್ಗಾರಾದ ಪ್ರಿಂಟ್ ಅಂಗಡಿ ಶನಿವಾರ ಒಂದು ಗಂಟೆಗೆ ಮುಚ್ಚುತ್ತದೆ.

ಆ ಕಂಪನಿಯ ಹಳೆಯ ವೇಳಾಪಟ್ಟಿ ಲ್ಯಾಪ್‌ಟಾಪಿನಲ್ಲಿತ್ತು. ಕೆಲವು ಅಂಕಿ ತೆಳು, ಕೆಲವು ದಪ್ಪ. ಮೂವತ್ತು ವರ್ಷ ಶಾಲೆಯ ವೇಳಾಪಟ್ಟಿ ಹಾಕಿದವಳು ನಾನು. ಪರೀಕ್ಷೆಯ ಪೀರಿಯಡ್ಡುಗಳನ್ನು ದಪ್ಪವಾಗಿ ಬರೆಯುತ್ತಿದ್ದೆ. ಹಾಗಾಗಿ ದಪ್ಪ ಅಂಕಿಯದು ಮುಖ್ಯ ರೈಲು ಎಂದು ತೀರ್ಮಾನಿಸಿದೆ.

ಆದರೆ ಹೊಂದಲಿಲ್ಲ. ಹಳ್ಳಿಯಿಂದ ಏಳಕ್ಕೆ ಹೊರಟ ರೈಲು ಒಂಬತ್ತಕ್ಕೆ ಪೇಟೆ ಸೇರುತ್ತದೆ. ಹಿಂದಿರುಗುವ ರೈಲು ದಪ್ಪ ಅಂಕಿಯ ನಾಲ್ಕೂವರೆಗೆ, ಎಂದರೆ ರೈಲ್ವೆಯ ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಮರುದಿನ ಬೆಳಗಿನ ಜಾವ.

"ಅಷ್ಟು ಜನ ರಾತ್ರಿ ಎಲ್ಲಿ ಮಲಗ್ತಿದ್ರು?" ಎಂದೆ.

"ಮೇ ಬಿ ದೇ ಹ್ಯಾಡ್ ಕಸಿನ್ಸ್, ಅಜ್ಜಿ."

"ಇಡೀ ಹಳ್ಳಿಗೇ ಪೇಟೇಲಿ ಕಸಿನ್ಸಾ? ಬರಿ, ಈ ರೈಲು ಯಾರಿಗೂ ಉಪಯೋಗಕ್ಕೆ ಬರಲಿಲ್ಲ, ಅದಕ್ಕೇ ನಿಂತುಹೋಯ್ತು."

ಬರೆದಳು. ನನಗೇ ಸಮಾಧಾನವಾಗಲಿಲ್ಲ. ವೇಳಾಪಟ್ಟಿಯ ಜೊತೆಗಿದ್ದ ಹಳೆಯ ಫೋಟೊದಲ್ಲಿ ಪ್ಲಾಟ್‌ಫಾರ್ಮ್ ತುಂಬ ಜನರಿದ್ದರು. ಉಪಯೋಗವಿಲ್ಲದ ರೈಲಿಗೆ ಇಷ್ಟು ಜನ ಏಕೆ? ಅದೂ ಅಲ್ಲದೆ, ಹಳಿಯ ಒಂದು ಭಾಗ ಈಗ ಸೈಕಲ್ ದಾರಿ, ಇನ್ನೊಂದು ಭಾಗದಲ್ಲಿ ಬೇರೆ ಹೆಸರಿನ ಸರಕು ಗಾಡಿ ಇಂದಿಗೂ ಓಡುತ್ತದೆ. ಹಾಗಿದ್ದರೆ ನಿಂತುಹೋದದ್ದು ಯಾವುದು?

ಹನ್ನೊಂದೂವರೆಗೆ ಅವಳು ಪುಟದ ಕೆಳಗಿನ ಸಣ್ಣ ಟಿಪ್ಪಣಿಯನ್ನು ದೊಡ್ಡದು ಮಾಡಿ ನೋಡಿದಳು.

"ಅಜ್ಜಿ! ಥಿನ್ ಈಸ್ ಮಾರ್ನಿಂಗ್, ಬೋಲ್ಡ್ ಈಸ್ ಆಫ್ಟರ್‌ನೂನ್. ಪಾಪ, ಯು ಮೇಡ್ ದೆಮ್ ಸ್ಲೀಪ್ ಅಟ್ ದ ಸ್ಟೇಷನ್!"

ಕನ್ನಡಕ ಒರೆಸಿ ಎರಡು ಸಲ ಓದಿದೆ. ನಿಜ. ನಾಲ್ಕೂವರೆ ಎಂದರೆ ಸಂಜೆ. ಬೆಳಿಗ್ಗೆ ಬಂದವರು ಪೇಟೆಯ ಕೆಲಸ ಮುಗಿಸಿ ಅದೇ ದಿನ ಮನೆ ಸೇರುತ್ತಿದ್ದರು. ಇಷ್ಟು ಅನುಕೂಲದ ರೈಲು ಮತ್ತೇಕೆ ನಿಂತಿತು ಎಂದು ಕೇಳಿದೆ.

"ಕಾರ್ಸ್, ಪ್ರಾಬಬ್ಲಿ."

"ಪ್ರಾಬಬ್ಲಿ ಅಂತ ಬರೆದರೆ ಮಾರ್ಕ್ಸ್ ಕೊಡ್ತಾರಾ?"

"ರಾಂಗ್ ಬರೆದ್ರೆ ಕೊಡ್ತಾರಾ?"

ನನ್ನ ವಾಕ್ಯವನ್ನು ನಾನೇ ಅಳಿಸಿದೆ. ಆ ಜಾಗದಲ್ಲಿ ಅವಳು ರೈಲು ಜನರಿಗೆ ಹೇಗೆ ಒದಗಿತೆಂದು ಬರೆದು, ಪ್ರಯಾಣಿಕರ ರೈಲು ನಿಂತ ಕಾರಣ ನಮಗೆ ಸಿಗಲಿಲ್ಲ ಎಂದು ಸೇರಿಸಿದಳು. ನನ್ನ ತರಗತಿಯಲ್ಲಿ ಇಂಥ ವಾಕ್ಯಕ್ಕೆ ಕೆಂಪು ಗೆರೆ ಬೀಳುತ್ತಿತ್ತು. ಈಗ ತಿದ್ದಲು ನನಗೂ ಉತ್ತರ ಗೊತ್ತಿರಲಿಲ್ಲ.

ರಸ್ತೆಯಲ್ಲಿ ಮಟಾಟುಗಳು, ಜನ ತುಂಬಿದ ಬಾಡಿಗೆ ವ್ಯಾನುಗಳು, ಅಲ್ಲಾಡದೆ ನಿಂತಿದ್ದವು. ಪ್ರಿಂಟ್ ಅಂಗಡಿಗೆ ನಡೆದೇ ಹೋದೆವು. ಹನ್ನೆರಡು ಐವತ್ತಕ್ಕೆ ಪೋಸ್ಟರ್ ಯಂತ್ರದಿಂದ ಹೊರಬಂತು. ಪ್ರತಿ ಅಂಕಿಯನ್ನೂ ಅಲ್ಲೇ ನಿಂತು ಲ್ಯಾಪ್‌ಟಾಪಿನ ಮೂಲದೊಂದಿಗೆ ತಾಳೆ ನೋಡಿ, ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟೆ.