‘ಆಗಲ್ಲ’ ಅನ್ನುವುದನ್ನು ಕಲಿಸಿದ್ದು

ಇವತ್ತು ಬೆಳಿಗ್ಗೆ ನನ್ನ ತರಗತಿಯ ಕಿಟಕಿಯಿಂದ ಸುಟ್ಟ ವೈರಿನ ವಾಸನೆ ಒಳಗೆ ಬಂತು. ಪಕ್ಕದ ವರ್ಕ್‌ಶಾಪಿನಲ್ಲಿ ಈ ವರ್ಷ ಸೇರಿದ ಯಾರೋ ಸೇರಿಸಬಾರದ ತಂತಿಗಳನ್ನು ಸೇರಿಸಿರಬೇಕು. ನೀವಾಗಿದ್ದರೆ ಮೂಗು ಮುಚ್ಚಿಕೊಂಡು ಕಿಟಕಿ ಎಳೆಯುತ್ತಿದ್ದಿರಿ. ನಾನು ಸುಮ್ಮನೆ ನಿಂತುಬಿಟ್ಟೆ. ಆ ವಾಸನೆಗೆ ನನಗೆ ಭಾಗ್ಯ ನೆನಪಾಗುತ್ತಾಳೆ.

ನಾನೀಗ ಹೊಸದುರ್ಗದ ಒಂದು ಐಟಿಐನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪದ್ಯ, ನಾಟಕದ ಇಂಗ್ಲಿಷ್ ಅಲ್ಲ. ಕಾರ್ಖಾನೆಗೆ ಹೋಗುವ ಮಕ್ಕಳು ಮೇಲಿನವರ ಜೊತೆ ಹೇಗೆ ಮಾತಾಡಬೇಕು, ಫೋನ್ ಬಂದರೆ ಏನನ್ನಬೇಕು, ರಜೆ ಹೇಗೆ ಕೇಳಬೇಕು ಅನ್ನುವ ಇಂಗ್ಲಿಷ್. ಇದನ್ನು ಕಲಿಸುವವಳ ಯೋಗ್ಯತೆ ಕೇಳಿದರೆ ನೀವು ನಗುತ್ತೀರಿ. ಚಿತ್ರದುರ್ಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಎಂ.ಎ. ಮುಗಿಯುವ ತನಕ ಜೀವಂತ ಮನುಷ್ಯರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದವಳಲ್ಲ. ಬಚ್ಚಲುಮನೆಯಲ್ಲಿ ನೀರು ಕಾಯುವ ತನಕ ಹಂಡೆಗೆ ಇಂಗ್ಲಿಷ್ ಒಪ್ಪಿಸುತ್ತಿದ್ದೆ. ಹಂಡೆ ಎಂದೂ ತಪ್ಪು ಹುಡುಕಲಿಲ್ಲವಾದ್ದರಿಂದ ನನಗೂ ಧೈರ್ಯ ಬಂದಿತ್ತು.

ಆ ಧೈರ್ಯದಲ್ಲೇ ಮೊದಲು ಹೊಳಲ್ಕೆರೆಯ ಒಂದು ಖಾಸಗಿ ಐಟಿಐಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಚಿತ್ರದುರ್ಗದಿಂದ ದಿನಾ ಬಸ್ಸು. ಅತಿಥಿ ಅನ್ನುವ ಪದಕ್ಕೆ ಮರುಳಾಗಬೇಡಿ. ಮನೆಗೆ ಬಂದ ಅತಿಥಿಗೆ ಕಾಫಿ ಕೊಡುತ್ತಾರೆ. ಕಾಲೇಜಿನ ಅತಿಥಿಗೆ ಕಾಫಿ ತರಿಸುವ ಕೆಲಸ ಕೊಡುತ್ತಾರೆ. ವಾರ್ಷಿಕೋತ್ಸವದ ನಿರೂಪಣೆ, ರಂಗೋಲಿ, ಹಾರ ತುರಾಯಿ, ಪ್ರಿನ್ಸಿಪಾಲರ ಮಗಳ ಪ್ರಬಂಧ, ಎಲ್ಲದಕ್ಕೂ ನಾನು ‘ಆಗಲಿ ಸರ್’. ಮುಂದಿನ ವರ್ಷವೂ ಕರೆಯಬೇಕಲ್ಲ.

ನಮಗೆ ಕೊಟ್ಟಿದ್ದ ಪುಸ್ತಕವೂ ನನ್ನ ಹಾಗೆಯೇ ಇತ್ತು. ಅದರಲ್ಲೊಬ್ಬ ಮೇಲ್ವಿಚಾರಕ, ಒಬ್ಬ ಕೆಲಸಗಾರ. ಮೇಲ್ವಿಚಾರಕ ಏನು ಹೇಳಿದರೂ ಕೆಲಸಗಾರ ‘ಯೆಸ್ ಸರ್’, ‘ಶ್ಯೂರ್ ಸರ್’, ‘ಸಾರಿ ಸರ್’. ಹುಡುಗರು ಇದನ್ನು ಚೆನ್ನಾಗಿ ಕಲಿತರು. ಒಂದು ದಿನ ಎಲೆಕ್ಟ್ರಿಷಿಯನ್ ತರಗತಿಯ ಭಾಗ್ಯ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಎದ್ದು ನಿಂತಳು.

“ಮೇಡಂ, ಇದ್ರಾಗೆ ಆಗಲ್ಲ ಅನ್ನಾ ಪಾಠ ಎಲ್ಲೈತೆ?”

ಇರಲಿಲ್ಲ. ನಾನೂ ತಿರುವಿ ನೋಡಿದೆ. ಎಲ್ಲೂ ಇರಲಿಲ್ಲ.

ಭಾಗ್ಯ ಹಿರೇಗುಂಟನೂರು ಕಡೆಯವಳು. ಮನೆಯಲ್ಲಿ ಕುರಿ ಸಾಕಣೆ, ಸ್ವಲ್ಪ ಹೊಲ. ಚಿಕ್ಕಂದಿನಿಂದ ಅಮ್ಮನ ಜೊತೆ ಕುರಿ ಹಿಂದೆ ಓಡಾಡಿದವಳಾದ್ದರಿಂದ ಅವಳ ಗಂಟಲಿಗೆ ಗೋಡೆಗಳ ಅಂದಾಜು ಇರಲಿಲ್ಲ. ‘ಗುಡ್ ಮಾರ್ನಿಂಗ್’ ಅಂದರೆ ಕಾರಿಡಾರಿನ ಆ ತುದಿಯಲ್ಲಿದ್ದ ಫಿಟ್ಟರ್ ತರಗತಿಯವರು ಎದ್ದು ನಿಲ್ಲುತ್ತಿದ್ದರು. ಒಮ್ಮೆ ಹೊರಗಿನಿಂದ ಬಂದ ತರಬೇತುದಾರರೊಬ್ಬರು, ಹೆಣ್ಣುಮಕ್ಕಳು ಕೆಲಸದ ಜಾಗದಲ್ಲಿ ಮೆತ್ತಗೆ, ಮುಗುಳ್ನಗುತ್ತ ಮಾತಾಡಬೇಕು ಎಂದು ಅವಳಿಗೆ ಅರ್ಧ ಗಂಟೆ ಅಭ್ಯಾಸ ಮಾಡಿಸಿದರು. ಅವಳು ಮುಗುಳ್ನಗುವುದನ್ನು ಕಲಿತಳು. ಮೆತ್ತಗಾಗಲಿಲ್ಲ.

ಅವಳ ಪ್ರಶ್ನೆ ನನ್ನ ತಲೆಯಲ್ಲಿ ಬಸ್ಸಿನುದ್ದಕ್ಕೂ ಕೂತಿತ್ತು. ಮರುದಿನ ಪುಸ್ತಕ ಮುಚ್ಚಿಸಿ ಬೋರ್ಡಿನ ಮೇಲೆ ಬರೆದೆ: ‘ನೋ ಸರ್. ಇಟ್ ಈಸ್ ನಾಟ್ ಸೇಫ್. ಫಸ್ಟ್ ಸ್ವಿಚ್ ಆಫ್.’ ವ್ಯಾಕರಣದ ದೃಷ್ಟಿಯಿಂದ ಕೊನೆಯದು ಪೂರ್ತಿ ವಾಕ್ಯವಲ್ಲ. ಆದರೆ ತಂತಿ ಹಿಡಿದು ನಿಂತವರಿಗೆ ಪೂರ್ತಿ ವಾಕ್ಯಕ್ಕೆ ಪುರುಸೊತ್ತು ಎಲ್ಲಿ? ನಾನೇ ಮೇಲ್ವಿಚಾರಕಿಯಾಗಿ ಸೊಂಟದ ಮೇಲೆ ಕೈಯಿಟ್ಟು ಗದರಿಸಿದೆ. ಒಬ್ಬೊಬ್ಬರೇ ಎದ್ದು ಬಂದು ಇಲ್ಲ ಅನ್ನಬೇಕು. ಅಷ್ಟು ಸಣ್ಣ ಪದ ಆ ಮಕ್ಕಳ ಬಾಯಿಂದ ಹೊರಡಲು ಎಷ್ಟು ಕಷ್ಟಪಟ್ಟಿತು ಅಂತೀರಿ. ಕೆಲವರು ನಕ್ಕರು, ಕೆಲವರು ನೆಲ ನೋಡಿದರು, ಒಬ್ಬ ‘ನೋ ಸರ್’ ಅಂದವನೇ ‘ಸಾರಿ ಸರ್’ ಎಂದೂ ಸೇರಿಸಿದ. ಭಾಗ್ಯಳ ಸರದಿ ಬಂದಾಗ ಪ್ರಿನ್ಸಿಪಾಲರೇ ಚೇಂಬರಿನಿಂದ ಎದ್ದು ಬಂದರು. ಯಾರಿಗೆ ಏನಾಯಿತು ಎಂದು ಕೇಳಿದರು. ಪಾಠ ಸರ್, ಅಂದೆ. ಅವರು ಬೋರ್ಡು ಓದಿ, ನನ್ನನ್ನು ನೋಡಿ, ಬಾಗಿಲು ಎಳೆದುಕೊಂಡು ಹೋದರು.

ಕೋರ್ಸು ಮುಗಿದ ಮೇಲೆ ಹಿರಿಯೂರಿನ ಹತ್ತಿರ ಪ್ಲಾಸ್ಟಿಕ್ ಪೈಪು ಮಾಡುವ ಒಂದು ಕಾರ್ಖಾನೆಗೆ ನಮ್ಮ ಕೆಲವು ಮಕ್ಕಳು ಅಪ್ರೆಂಟಿಸ್ ಆಗಿ ಹೋದರು. ಭಾಗ್ಯಳೂ ಹೋದಳು. ಅಲ್ಲಿನ ಮೇಲ್ವಿಚಾರಕರಿಗೆ ಕನ್ನಡ ಬರುತ್ತಿರಲಿಲ್ಲ, ಎಲ್ಲ ಇಂಗ್ಲಿಷಿನಲ್ಲೇ. ಒಂದು ಮಧ್ಯಾಹ್ನ ಕರೆಂಟಿನ ಒಂದು ಪ್ಯಾನೆಲ್ಲಿನಿಂದ ಸುಟ್ಟ ವಾಸನೆ ಬರತೊಡಗಿತು. ಒಳಗೆ ತಂತಿಯೊಂದು ಸಡಿಲಾಗಿತ್ತು. ಮೇನ್ ಆಫ್ ಮಾಡಿದರೆ ಪೈಪು ಮಾಡುವ ಇಡೀ ಲೈನ್ ನಿಂತು, ಬಿಸಿ ಪ್ಲಾಸ್ಟಿಕ್ಕು ಮೆಷಿನ್ನಿನೊಳಗೇ ಗಟ್ಟಿಯಾಗಿ, ಅದನ್ನು ಬಿಡಿಸಲು ಒಂದು ಪಾಳಿ ಪೂರಾ ಹೋಗುತ್ತದೆ. ಆದ್ದರಿಂದ ಕರೆಂಟು ಇರುವಾಗಲೇ ತಂತಿ ಬಿಗಿ ಮಾಡು ಎಂದು ಮೇಲ್ವಿಚಾರಕರು ಭಾಗ್ಯಳಿಗೆ ಹೇಳಿದರು. ಅದು ಅಪಾಯ ಅನ್ನುವುದು ಅವರಿಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹಿಂದೆ ಬೇರೆಯವರು ಮಾಡಿದ್ದರು. ಭಾಗ್ಯ ಕೈ ಹಿಂದಕ್ಕೆ ಕಟ್ಟಿಕೊಂಡು, ಅಷ್ಟೂ ಮೆಷಿನ್ನುಗಳ ಸದ್ದಿನ ಮೇಲೆ, ನಾನು ಬೋರ್ಡಿನಲ್ಲಿ ಬರೆದಿದ್ದನ್ನು ಹಾಗೆಯೇ ಹೇಳಿದಳಂತೆ. ಅವರು ಇನ್ನೊಮ್ಮೆ ಹೇಳಿದರು. ಇವಳೂ ಇನ್ನೊಮ್ಮೆ ಹೇಳಿದಳು. ಎಲ್ಲರೂ ತಿರುಗಿ ನೋಡಿದ ಮೇಲೆ ಮೇನ್ ಆಫ್ ಮಾಡದೆ ಅವರಿಗೂ ವಿಧಿಯಿರಲಿಲ್ಲ. ಲೈನ್ ನಿಂತಿತು. ಭಾಗ್ಯಳನ್ನು ಗೇಟಿನ ಹೊರಗೆ ಕಳಿಸಿದರು.

ಕಾರ್ಖಾನೆಯಿಂದ ಪ್ರಿನ್ಸಿಪಾಲರಿಗೆ ಫೋನು ಬಂತು. ಅವರು ನನ್ನನ್ನು ಕರೆಸಿದರು. ಭಾಗ್ಯ ಕ್ಷಮೆ ಕೇಳಿದರೆ ಕಾರ್ಖಾನೆಯವರು ವಾಪಸ್ ತಗೊಳ್ಳುತ್ತಾರಂತೆ, ಮುಂದೆ ನಮ್ಮ ಬೇರೆ ಮಕ್ಕಳಿಗೂ ಅಲ್ಲಿ ಅವಕಾಶ ಬೇಕು, ಆ ಇಂಗ್ಲಿಷ್ ಕಲಿಸಿದವರು ನೀವೇ, ಈ ಇಂಗ್ಲಿಷನ್ನೂ ನೀವೇ ಕಲಿಸಿ ಅಂದರು. ಅವರದು ಪೂರಾ ತಪ್ಪು ಎಂದು ನಾನು ಹೇಳಲಾರೆ. ಅವರು ನೋಡುತ್ತಿದ್ದುದು ಮುಂದಿನ ವರ್ಷದ ಮಕ್ಕಳನ್ನು. ಭಾಗ್ಯಳ ತಾಯಿಯನ್ನೂ ಕರೆಸಿದ್ದರು. ಆಕೆ ಕುರ್ಚಿಯಲ್ಲಿ ಕೂರದೆ ಬಾಗಿಲ ಪಕ್ಕ ನಿಂತೇ ಎಲ್ಲ ಕೇಳಿಸಿಕೊಂಡು ಹೇಳಿದರು:

“ಸಾರ್, ನನ್ ಮಗಳು ಕದ್ದಿದ್ರೆ ನಾನೇ ತಪ್ಪಾತು ಅನ್ನಸ್ತಿದ್ದೆ. ಜೀವ ಹೋಗ್ತೈತೆ, ಮುಟ್ಟಲ್ಲ ಅಂದಿದ್ಕೆ ತಪ್ಪು ಅಂದ್ರೆ ಹೆಂಗೆ? ನೀವೇ ಹೇಳ್ರಿ.”

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. ಅವಳನ್ನು ಕರಕೊಂಡು ಒಂದು ಸಲ ಕಾರ್ಖಾನೆಗೆ ಹೋಗಿ ಬನ್ನಿ ಅಂದರು. ಮಾರನೆಯ ದಿನ ನಾನು, ಭಾಗ್ಯ ಹಿರಿಯೂರಿಗೆ ಹೋದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಭಾಗ್ಯ ನನ್ನ ಭುಜಕ್ಕೆ ಒರಗಿ ನಿದ್ದೆ ಹೊಡೆದಳು.

ಮ್ಯಾನೇಜರು ಒಳ್ಳೆಯ ಮಾತಿನವರು. ಕೂರಿಸಿದರು, ಟೀ ತರಿಸಿದರು. ಹುಡುಗಿ ಜಾಣೆ, ಕೆಲಸ ಚೆನ್ನಾಗಿ ಮಾಡುತ್ತಾಳೆ, ಒಂದೇ ಒಂದು ‘ಸಾರಿ’ ಅಂದುಬಿಟ್ಟರೆ ನಾಳೆಯಿಂದಲೇ ಬರಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮೇಲ್ವಿಚಾರಕರು ಗೋಡೆ ಪಕ್ಕ ನಿಂತಿದ್ದರು. ಭಾಗ್ಯ ನನ್ನ ಕಡೆ ಬಾಗಿ, ಅವಳ ಲೆಕ್ಕದಲ್ಲಿ ಪಿಸುಮಾತಿನಲ್ಲಿ, ಇಡೀ ಕೋಣೆಗೆ ಕೇಳುವಂತೆ ಕೇಳಿದಳು.

“ಮೇಡಂ, ಸಾರಿ ಅಂದ್ರೆ ಮುಂದಿನ್ ಸಲ ಮುಟ್ತೀನಿ ಅಂತಾನಾ ಅರ್ಥ?”

ನನ್ನ ಭಾಷಣವೆಲ್ಲ ಎಲ್ಲಿಗೆ ಹೋಯಿತೋ. “ಅವರು ಹಂಗಂತ ತಿಳ್ಕಂತಾರೆ,” ಅಂದೆ.

ಅವಳು ಎದ್ದು ನಿಂತಳು. ಕಲಿತ ಮುಗುಳ್ನಗೆಯನ್ನೂ ಬಳಸಲಿಲ್ಲ. “ಸರ್, ಲೈನ್ ಸ್ಟಾಪ್, ಐ ಆಮ್ ಸಾರಿ. ಐ ಸೇ ನೋ, ಐ ಆಮ್ ನಾಟ್ ಸಾರಿ.”

ನಾನು ಕಲಿಸಿದ ಇಂಗ್ಲಿಷಿನಲ್ಲಿ ಇದಕ್ಕಿಂತ ಒಳ್ಳೆಯ ಇಂಗ್ಲಿಷನ್ನು ನಾನು ಕೇಳಿಲ್ಲ. ತಿದ್ದಲು ಯಾರಾದರೂ ಬಂದರೆ ಈಗಲೂ ಅಡ್ಡ ನಿಲ್ಲುತ್ತೇನೆ. ಮೇಲ್ವಿಚಾರಕರು ತಲೆ ತಗ್ಗಿಸಿದರು. ನಾಚಿಕೆಯೋ, ಮ್ಯಾನೇಜರಿಗೆ ಇನ್ನೇನು ಉತ್ತರ ಕೊಡಬೇಕು ಅನ್ನುವ ಚಿಂತೆಯೋ ನನಗೆ ತಿಳಿಯಲಿಲ್ಲ. ಮ್ಯಾನೇಜರು, ಸರಿ, ಹೇಳಿ ಕಳಿಸುತ್ತೇವೆ ಅಂದರು. ಹೇಳಿ ಕಳಿಸಲಿಲ್ಲ.

ಭಾಗ್ಯ ಮನೆಗೆ ಹೋಗಿ ಕೆಲವು ತಿಂಗಳು ಮತ್ತೆ ಕುರಿ ನೋಡಿಕೊಂಡಳು. ಆ ತಿಂಗಳುಗಳಲ್ಲಿ ನನಗೆ ಸರಿಯಾಗಿ ಊಟ ಸೇರಲಿಲ್ಲ. ಬೋರ್ಡಿನ ಮೇಲೆ ಬರೆಯುವುದು ಸುಲಭ, ಗೇಟಿನ ಹೊರಗೆ ನಿಲ್ಲುವವಳು ಅವಳು. ಒಂದು ದಿನ ಅವಳೇ ಫೋನು ಮಾಡಿದಳು. ದುರ್ಗದಲ್ಲಿ ಬೋರ್‌ವೆಲ್ ಮೋಟರು ರಿವೈಂಡಿಂಗ್ ಮಾಡುವ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಕಾರ್ಖಾನೆಯಷ್ಟು ದೊಡ್ಡ ಕೆಲಸವಲ್ಲ. ಅಲ್ಲೂ ಬಾಯಿ ಜೋರಾ ಎಂದು ಕೇಳಿದೆ. “ಇಲ್ಲಿ ಕನ್ನಡದಾಗೇ ಬೈತೀನಿ ಮೇಡಂ, ಅರಾಮೈತೆ,” ಅಂದಳು. ಈಗ ಆ ಅಂಗಡಿಯಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವವಳೇ ಅವಳು.

ಮುಂದಿನ ವರ್ಷ ಹೊಳಲ್ಕೆರೆಯವರು ನನ್ನನ್ನು ಕರೆಯಲಿಲ್ಲ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸದುರ್ಗಕ್ಕೆ ಬಂದೆ. ಬಸ್ಸಿನ ದಾರಿ ಉದ್ದವಾಯಿತು, ಅಷ್ಟೆ.

ಇವತ್ತಿನ ಮಾತಿಗೆ ಬರುತ್ತೇನೆ. ಇವತ್ತು ನಮ್ಮ ಮಕ್ಕಳನ್ನು ಆರಿಸಲು ಒಂದು ಕಂಪನಿಯವರು ಬರುವವರಿದ್ದರು. ಅವರು ತರಗತಿಯಲ್ಲಿ ಕೂತು ಮಕ್ಕಳ ಇಂಗ್ಲಿಷ್ ಕೇಳುತ್ತಾರಂತೆ. ನಾನು ಇಲ್ಲೂ ಮಾಡಿಸುವ ಆ ‘ನೋ’ ಪಾಠ ಒಂದನ್ನು ಇವತ್ತು ಬಿಟ್ಟು ಬೇರೆ ಏನಾದರೂ ಮಾಡಿ ಎಂದು ಇಲ್ಲಿನ ಪ್ರಿನ್ಸಿಪಾಲರು ನಿನ್ನೆ ಬಹಳ ಮೃದುವಾಗಿ ಹೇಳಿದರು. ನಾನು ಆಗಲ್ಲ ಸರ್, ಅಂದೆ. ಅವರಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು.

ಕಂಪನಿಯವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಬೋರ್ಡಿನ ಮೇಲೆ ಅದೇ ‘ನೋ ಸರ್’ ಸಾಲುಗಳನ್ನು ಬರೆದೆ. ಮಕ್ಕಳು ಒಮ್ಮೆ ಒಟ್ಟಿಗೆ ಓದಿದರು, ಅರ್ಧ ಬಾಯಲ್ಲಿ, ಹಿಂದಕ್ಕೆ ಕಳ್ಳನೋಟ ಹಾಕುತ್ತ. ಆಗ ಮಾಡದಕೆರೆಯಿಂದ ಬರುವ ಹುಡುಗಿಯೊಬ್ಬಳು ಕೈಯೆತ್ತಿದಳು.

“ಮೇಡಂ, ಹಿಂಗಂದ್ರೆ ಕೆಲ್ಸ ಹೋಗಲ್ವಾ?”

ಹಿಂದಿನ ಬೆಂಚಿನವರೂ ತಲೆಯೆತ್ತಿ ನನ್ನನ್ನು ನೋಡಿದರು. ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಹೋಗುವುದಿಲ್ಲ ಎಂದು ಹೇಳಿಬಿಡಬಹುದಿತ್ತು, ಎಲ್ಲರೂ ಖುಷಿಯಾಗುತ್ತಿದ್ದರು.

“ಹೋಗಬಹುದು,” ಅಂದೆ. “ಈಗ ಇನ್ನೊಂದ್ಸಲ ಹೇಳ್ರಿ. ಜೋರಾಗಿ.”