ಹಾರ್ವಿ ಕಲ್ಲಿನ ಮೂವತ್ತೊಂಬತ್ತು ತೂತು

೧೯೭೯ರಲ್ಲಿ ನನಗೆ ಹತ್ತೊಂಬತ್ತು ವರ್ಷ. ನಮ್ಮ ಮನೆ ಪೀರನವಾಡಿಯಲ್ಲಿ. ಅಪ್ಪ ಯಲ್ಲಪ್ಪನ ಜೊತೆ ಗೋರಿಕಲ್ಲಿನ ಮೇಲೆ ಇಂಗ್ಲಿಷ್ ಅಕ್ಷರ ಕೂರಿಸುವುದು ನನ್ನ ಕೆಲಸ. ಸಾಲೆ ನಾಲ್ಕನೇ ಇಯತ್ತೆಗೆ ಬಿಟ್ಟಿತ್ತು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಪ್ಪನಿಗೂ ಬರುತ್ತಿರಲಿಲ್ಲ. ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ.

ಬೆಳಗಾವಿಯ ಹೊರಗೆ ಬ್ರಿಟಿಷರ ಕಾಲದ ಒಂದು ಸ್ಮಶಾನ ಇದೆ. ಯಾವುದು ಅಂತ ಹೇಳುವುದಿಲ್ಲ. ಅಲ್ಲಿಯ ಕಲ್ಲುಗಳ ರಿಪೇರಿ ಇಪ್ಪತ್ತು ವರ್ಷದಿಂದ ಅಪ್ಪನ ಕೈಯಲ್ಲಿತ್ತು. ಹಳೆಯ ಬಿಳಿ ಸಂಗಮರವರಿ, ಅಂದರೆ ಅಮೃತಶಿಲೆಯ ಕಲ್ಲುಗಳ ಮೇಲೆ ಸೀಸದ ಅಕ್ಷರ ಇರುತ್ತವೆ. ಅದನ್ನು ಮಾಡುವ ರೀತಿ ಹೀಗೆ: ಮೊದಲು ಚಾಣದಿಂದ ಅಕ್ಷರ ಕೊರೆಯಬೇಕು. ಆಮೇಲೆ ಅಕ್ಷರದ ಒಳಗೆ ಬೈರಿಗೆಯಿಂದ ಸಣ್ಣ ತೂತು ಹಾಕಬೇಕು, ಒಂದು ಬಲಕ್ಕೆ ವಾಲಿ, ಇನ್ನೊಂದು ಎಡಕ್ಕೆ ವಾಲಿ. ಸೀಸ ಬಡಿದಾಗ ಅದು ಆ ತೂತುಗಳಲ್ಲಿ ಇಳಿದು ಬೇರಿನ ಹಾಗೆ ಹಿಡಿದುಕೊಳ್ಳುತ್ತದೆ. ನೂರು ವರ್ಷ ಮಳೆ ಬಿದ್ದರೂ ಉದುರುವುದಿಲ್ಲ. ದೊಡ್ಡ ಅಕ್ಷರವಾದರೆ ತೂತು ಒಂದು ಇಂಚು ಆಳ. ನಾನು ಅಕ್ಷರ ಕಲಿತದ್ದೇ ತೂತಿನ ಲೆಕ್ಕದಲ್ಲಿ. ಎಚ್‌ಗೆ ಏಳು, ಎಗೆ ಆರು, ಆರ್‌ಗೆ ಎಂಟು, ವಿಗೆ ಐದು, ಈಗೆ ಎಂಟು, ವೈಗೆ ನಾಲ್ಕು. ಈ ಆರು ಅಕ್ಷರ ಸೇರಿದರೆ ಹಾರ್ವಿ.

ಆ ಸ್ಮಶಾನದಲ್ಲಿ ಹಾರ್ವಿಗಳು ಮೂವರಿದ್ದರು. ಒಬ್ಬ ಕುದುರೆಯಿಂದ ಬಿದ್ದು ಸತ್ತ ಫೌಜಿನವನು. ಒಂದು ಹನ್ನೊಂದು ತಿಂಗಳ ಕೂಸು. ಮೂರನೆಯವನು ಖಾನಾಪುರ ಕಡೆ ರೈಲಿನ ಸೇತುವೆ ಕಟ್ಟಿಸಿದ ಎಂಜಿನಿಯರ್. ಈ ಮೂವರಿಗೂ ಹಾರ್ವಿ ಅನ್ನುವುದು ಅಡ್ಡಹೆಸರು, ಅಂದರೆ ಮನೆತನದ ಹೆಸರು, ನಮ್ಮಲ್ಲಿ ಪಾಟೀಲ, ಬಡಿಗೇರ ಅನ್ನುವ ಹಾಗೆ. ಆದರೆ ಲೋಂಡಾದಲ್ಲಿ ಇನ್ನೊಬ್ಬ ಹಾರ್ವಿ ಇದ್ದ, ಎಂಜಿನ್ ಡ್ರೈವರ್ ಹಾರ್ವಿ ರೊಜಾರಿಯೊ. ಅವನಿಗೆ ಅದು ಕರೆಯುವ ಹೆಸರು. ಅವನ ಅಜ್ಜ ಆ ಸೇತುವೆಯ ಕೆಲಸದಲ್ಲಿದ್ದ, ಸಾಹೇಬನ ಮೇಲಿನ ಪ್ರೀತಿಗೆ ಮೊಮ್ಮಗನಿಗೆ ಸಾಹೇಬನ ಅಡ್ಡಹೆಸರನ್ನೇ ಇಟ್ಟ. ನಮ್ಮಲ್ಲಿ ಯಾರೂ ಮಗನಿಗೆ ಪಾಟೀಲ ಅಂತ ತೊಟ್ಟಿಲ ಹೆಸರು ಇಡುವುದಿಲ್ಲ. ಅವರಲ್ಲಿ ಇಡುತ್ತಾರೆ. ಈ ಒಂದು ಸಂಗತಿ ಪೊಲೀಸರಿಗೆ ಗೊತ್ತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ವರ್ಷ ಡ್ರೈವರ್ ಹಾರ್ವಿ ತೀರಿಕೊಂಡ. ಅವನ ಹೆಂಡತಿ ರೋಜಿಬಾಯಿ ಬಂದು ಗೋರಿಕಲ್ಲು ಮಾಡಿಕೊಡಲು ಅಪ್ಪನಿಗೆ ಹೇಳಿದಳು.

"ಯಲ್ಲಪ್ಪ, ಆ ಬ್ರಿಜ್ ಸಾಹೇಬನ ಕಲ್ಲಿನ ಮ್ಯಾಲ ಹೆಂಗ ಅಕ್ಷರ ಅದಾವಲ್ಲ, ನಮ್ಮವರಿಗೂ ಹಂಗ ಆಗಬೇಕು ನೋಡ. ಸಾಯೂತನಾ ಅದನ್ನ ಹೇಳಕೋತ ಇದ್ರು."

ಅಕ್ಷರ ಹಾಗೇ ಬೇಕು ಅಂದರೆ ನಾವು ಅಚ್ಚು ತೆಗೆಯುತ್ತೇವೆ. ಹಳೆಯ ಕಲ್ಲಿನ ಮೇಲೆ ಕಾಗದ ಹಾಸಿ ಇದ್ದಲಿನಿಂದ ತಿಕ್ಕಿದರೆ ಅಕ್ಷರ ಅದೇ ಅಳತೆಯಲ್ಲಿ ಮೂಡುತ್ತದೆ. ಅಪ್ಪ ಎಂಜಿನಿಯರ್ ಹಾರ್ವಿ ಕಲ್ಲಿನ ಅಚ್ಚು ತೆಗೆದು, ಕರಿಕಲ್ಲಿನ ಮೇಲೆ ಡ್ರೈವರ್ ಹಾರ್ವಿಯ ಹೆಸರು ಕೊರೆದು ಲೋಂಡಾಕ್ಕೆ ಕಳಿಸಿದ. ಅಚ್ಚಿನ ಕಾಗದ ನಮ್ಮ ಗೋಡೆಗೆ ತೂಗುಹಾಕಿತ್ತು.

ಹದಿನೈದು ದಿನಕ್ಕೆ ಎಂಜಿನಿಯರ್ ಹಾರ್ವಿಯ ಬಿಳಿ ಕಲ್ಲು ಸ್ಮಶಾನದಿಂದ ಕಾಣೆಯಾಯಿತು. ಮೂರು ಅಡಿ ಉದ್ದ, ಎರಡು ಅಡಿ ಅಗಲ. ಪೊಲೀಸರು ಜೀಪು ತಂದು ನಮ್ಮ ಓಣಿಯಲ್ಲಿ ನಿಲ್ಲಿಸಿದರು. ಜೊತೆಗೆ ಸ್ಮಶಾನ ಕಮಿಟಿಯ ಸೆಕ್ರೆಟರಿ ಫರ್ನಾಂಡಿಸ್ ಬಂದಿದ್ದ. ಖಾನಾಪುರ ರೋಡಿನ ಸಂಗಮರವರಿ ಅಂಗಡಿಯ ಗಜಾನನ ಶೇಠನೂ ಬಂದಿದ್ದ. ಆಗ ಸ್ಮಶಾನಕ್ಕೆ ಹೊಸ ಗೇಟು ಮಾಡಿಸಿಕೊಡುತ್ತಿದ್ದವನು ಅವನೇ, ಧರ್ಮಕ್ಕೆ.

ಹವಾಲ್ದಾರ ಗೋಡೆಯ ಕಾಗದ ಕಿತ್ತುಕೊಂಡ. "ಏನಲೇ ಇದು?"

"ಅಚ್ಚು ರೀ ಸಾಹೇಬ್ರ. ಲೋಂಡಾದ ಹಾರ್ವಿ ಡ್ರೈವರಂದು," ಅಂದ ಅಪ್ಪ.

"ಹಾರ್ವಿ ಕಲ್ಲು ಕಳವಾಗೇತಿ. ನೀ ಹಾರ್ವಿಗೇ ಕಲ್ಲು ಕೊಟ್ಟೀನಂತಿ. ನನಗ ಮತ್ತೇನ್ ಬೇಕೋ ಮಗನ?"

"ಆ ಹಾರ್ವಿ ಬ್ಯಾರೆ ರೀ, ಈ ಹಾರ್ವಿ ಬ್ಯಾರೆ. ಸೆಕ್ರೆಟರಿ ಸಾಹೇಬ್ರನ್ನ ಕೇಳ್ರಿ."

ಹವಾಲ್ದಾರ ಫರ್ನಾಂಡಿಸ್‌ನ ಕಡೆ ನೋಡಿದ. ಫರ್ನಾಂಡಿಸ್ ಶೇಠನ ಕಡೆ ನೋಡಿದ. ಶೇಠ ಹೇಳಿದ:

"ಪ್ಯಾಟ್ಯಾಗ ಯಾವ ಅಂಗಡಿಗೂ ಆ ಕಲ್ಲು ಬಂದಿಲ್ರಿ. ಬಂದಿದ್ರ ನನಗ ಗೊತ್ತಾಗ್ತಿತ್ತು. ಯಲ್ಲಪ್ಪ ಅದನ್ನ ಲೋಂಡಾಕ್ಕ ಸಾಗಿಸ್ಯಾನ. ಬೇಕಾದ್ರ ನನ್ನ ಮಾತು ಬರಕೋರಿ, ಸಹಿ ಮಾಡ್ತೀನಿ."

ಓಣಿಯ ಜನ ಎಲ್ಲ ಹೊರಗೆ ನಿಂತು ನೋಡುತ್ತಿದ್ದರು. ಅಪ್ಪನನ್ನು ಬರಿಗಾಲಲ್ಲಿ ಜೀಪು ಹತ್ತಿಸಿದರು. ಎರಡು ದಿನ ಇಟ್ಟುಕೊಂಡರು. ರೋಜಿಬಾಯಿ ಲೋಂಡಾದಿಂದ ಬಂದು, ತನ್ನ ಗಂಡನ ಕಲ್ಲು ಕರೀದು, ಬಂದು ನೋಡಿ ಅಂದಳು. ಪೊಲೀಸರು ಶೇಠ ಸಹಿ ಮಾಡಿದ ಕಾಗದವನ್ನು ಅವಳಿಗೆ ಓದಿ ತೋರಿಸಿ, ಇದಕ್ಕೇನು ಹೇಳುತ್ತೀ ಅಂದರು. ಲೋಂಡಾಕ್ಕೆ ಮಾತ್ರ ಯಾರೂ ಹೋಗಲಿಲ್ಲ. ಕಡೆಗೆ ಪುರಾವೆ ಇಲ್ಲ ಅಂತ ಅಪ್ಪನನ್ನು ಬಿಟ್ಟರು. ಫರ್ನಾಂಡಿಸ್, ಇನ್ನು ಸ್ಮಶಾನದ ಒಳಗೆ ಕಾಲಿಡಬೇಡ ಅಂತ ಹೇಳಿ ಕಳಿಸಿದ.

ಅಪ್ಪ ಆಮೇಲೆ ಚಾಣ ಮುಟ್ಟಲಿಲ್ಲ. ಮನೆಯಿಂದ ಹೊರಗೆ ಬರುವುದನ್ನೂ ಬಿಟ್ಟ. ಕ್ಷೌರಕ್ಕೆ ಕೂಡ ನಾವಿಯನ್ನು ಮನೆಗೇ ಕರೆಸುತ್ತಿದ್ದ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ನಮ್ಮ ಬಾಗಿಲ ಕಡೆ ಕೈ ಮಾಡಿ "ಕಲ್ಲುಕಳ್ಳ" ಅನ್ನುತ್ತಿದ್ದರು. ನನಗೆ ಎಲ್ಲಿಯೂ ಕೆಲಸ ಸಿಗಲಿಲ್ಲ. ಆಗ ಗಜಾನನ ಶೇಠ ನನ್ನನ್ನು ತನ್ನ ಅಂಗಡಿಗೆ ಕರೆದುಕೊಂಡ. ಕಳ್ಳನ ಮಗನಿಗೂ ಕೆಲಸ ಕೊಟ್ಟ ಪುಣ್ಯಾತ್ಮ ಅಂತ ಊರು ಮಾತಾಡಿತು. ನಾನೂ ಹಾಗೇ ತಿಳಿದಿದ್ದೆ. ಎರಡು ವರ್ಷ ಅವನಿಗೆ ಕೈಮುಗಿದೆ. ಅದನ್ನು ನೆನೆದರೆ ಈಗಲೂ ನನ್ನ ಕೈ ನನಗೇ ಅಸಹ್ಯ.

೧೯೮೧ರಲ್ಲಿ ಶೇಠ ಖಾನಾಪುರದಲ್ಲಿ ತನ್ನ ಅಪ್ಪನ ಹೆಸರಿನಲ್ಲಿ ಒಂದು ವಾಚನಾಲಯ ಕಟ್ಟಿಸಿದ. ಬಾಗಿಲ ಪಕ್ಕ ಹಾಕಲು ಒಂದು ಬಿಳಿ ಕಲ್ಲನ್ನು ಹಿಂದಿನ ಶೆಡ್ಡಿನಿಂದ ಹೊರಗೆ ತರಿಸಿದ. ಮೇಲ್ಮೈ ಆಗಲೇ ಉಜ್ಜಿ ನುಣ್ಣಗೆ ಮಾಡಿಸಿದ್ದ. ನನ್ನನ್ನು ಕರೆದು ಹೇಳಿದ:

"ಪರಸ್ಯಾ, ಇದರ ಮ್ಯಾಲ ನಮ್ಮಪ್ಪಂದು ಹೆಸರು ಚಲೋತ್ನ್ಯಾಗ ಕೆತ್ತು. ಒಂದೆರಡ ಕಡೆ ಸಣ್ಣ ತೂತು ಅದಾವ. ಅರಗು ಹಾಕಿ ಮುಚ್ಚಿಬಿಡು."

ನಾನು ಕಲ್ಲಿನ ಮೇಲೆ ನೀರು ಹಾಕಿದೆ. ಒಣಗಿದಾಗ ಕಾಣದ್ದು ನೀರು ಬಿದ್ದರೆ ಕಾಣುತ್ತದೆ. ಒಂದೆರಡು ತೂತಲ್ಲ. ಮಧ್ಯದಲ್ಲಿ ಒಂದು ಸಾಲು, ಶೇಠ ಮೊದಲೇ ಬಿಳಿ ಅರಗು ತುಂಬಿಸಿದ್ದ ಮಸುಕು ಚುಕ್ಕೆಗಳು. ಎಣಿಸಿದೆ. ಏಳು. ಆರು. ಒಂಬತ್ತು. ಐದು. ಎಂಟು. ನಾಲ್ಕು.

ಆರ್‌ಗೆ ಎಂಟು ಇರಬೇಕಿತ್ತು, ಒಂಬತ್ತು ಇದ್ದವು. ಒಂಬತ್ತನೆಯದು ನನ್ನ ಅಪ್ಪನದು. ನಾನು ಸಣ್ಣವನಿದ್ದಾಗ ಎಂಜಿನಿಯರ್ ಹಾರ್ವಿ ಕಲ್ಲಿನ ಆರ್‌ನ ಕಾಲಿನ ಸೀಸ ಸಡಿಲವಾಗಿತ್ತು. ಅಪ್ಪ ಹೊಸ ತೂತು ಹಾಕಿ ಬಡಿದಿದ್ದ. ನಾನು ಪಕ್ಕದಲ್ಲಿ ಕೂತು ನೋಡಿದ್ದೆ.

ಗೇಟಿನ ಕೆಲಸ ನಡೆದಾಗ ಶೇಠನ ಗಾಡಿ ಒಡೆದ ಕಲ್ಲಿನ ಕಸ ಹೇರಿಕೊಂಡು ಹೋಗುತ್ತಿತ್ತು. ಆ ಕಸದ ಅಡಿಯಲ್ಲಿ ಹಾರ್ವಿ ಹೊರಗೆ ಹೋಗಿದ್ದ. ಉಜ್ಜಿದರೆ ಅಕ್ಷರ ಹೋಗುತ್ತದೆ, ಸಣ್ಣ ಅಕ್ಷರದ ಮೇಲುಮೇಲಿನ ತೂತೂ ಹೋಗುತ್ತದೆ, ಒಂದು ಇಂಚು ಆಳದ ತೂತು ಹೋಗುವುದಿಲ್ಲ. ಆ ತೂತು ಎಣಿಸಿದರೆ ಹೆಸರು ಸಿಗುತ್ತದೆ ಅನ್ನುವುದು ಕಲ್ಲು ಮಾರುವವನಿಗೆ ತಿಳಿಯಲಿಲ್ಲ. ಕೆತ್ತುವವನಿಗೆ ತಿಳಿಯುತ್ತದೆ.

ಪೊಲೀಸರ ಹತ್ತಿರ ಹೋಗಲಿಲ್ಲ. ಹೋಗಿದ್ದರೆ, ಅವರು ಬರುವಷ್ಟರಲ್ಲಿ ಶೇಠ ಕಲ್ಲು ಒಡೆಸಿಬಿಡುತ್ತಿದ್ದ. ಇನ್ನೊಂದು ಕಾರಣವೂ ಇತ್ತು. ಅಪ್ಪನನ್ನು ನಲವತ್ತು ಜನರ ಮುಂದೆ ಒಯ್ದಿದ್ದರು. ನನಗೆ ನಾನೂರು ಜನ ಬೇಕಾಗಿತ್ತು.

ನಾನು ಮೂರು ಕೆಲಸ ಮಾಡಿದೆ. ಹಳೆಯ ಅರಗು ಎಲ್ಲ ಕೆದಕಿ ತೆಗೆದು, ಅದರ ಬದಲಿಗೆ ಕಲ್ಲಿನ ಪುಡಿಯನ್ನು ಗಂಜಿಯಲ್ಲಿ ಕಲಸಿ ತುಂಬಿದೆ. ಒಣಗಿದಾಗ ಬೆಳ್ಳಗೆ, ಕಣ್ಣಿಗೆ ಕಾಣುವುದಿಲ್ಲ. ನೀರು ಬಿದ್ದರೆ ಕರಗುತ್ತದೆ. ಶೇಠನ ಅಪ್ಪನ ಹೆಸರನ್ನು ಮೇಲೆ ಮತ್ತು ಕೆಳಗೆ ಎರಡು ಸಾಲಿನಲ್ಲಿ ಹಾಕಿ, ನಡುವೆ ತೂತಿನ ಸಾಲಿಗೆ ಜಾಗ ಬಿಟ್ಟೆ. ಆ ಹೆಸರನ್ನು ಎಷ್ಟು ತೆಳ್ಳಗೆ ಕೆತ್ತಿದೆನೆಂದರೆ, ಅರ್ಧ ದಿನ ಉಜ್ಜಿದರೆ ಸಾಕು, ಗುರುತೂ ಉಳಿಯುವುದಿಲ್ಲ. ಆಮೇಲೆ ಲೋಂಡಾಕ್ಕೆ ಹೋಗಿ ರೋಜಿಬಾಯಿಗೆ ಹೇಳಿದೆ. ಅವಳು ಬರುತ್ತೇನೆ ಅಂದಳು.

ನಮ್ಮ ಕಡೆ ಒಂದು ಪದ್ಧತಿ ಇದೆ. ಕಲ್ಲು ಯಾರದೇ ಇರಲಿ, ಅದಕ್ಕೆ ಮೊದಲ ಪೂಜೆ ಕೆತ್ತಿದವನದು. ಅವನು ನೀರಿನಿಂದ ತೊಳೆದು, ಕುಂಕುಮ ಹಚ್ಚಿದ ಮೇಲೆಯೇ ಉಳಿದವರು ಹಾರ ಹಾಕಬೇಕು. ಖಾನಾಪುರದಲ್ಲಿ ವಾಚನಾಲಯ ತೆರೆಯುವ ದಿನ ಬೆಳಿಗ್ಗೆ ಮಂಟಪ ತುಂಬಿತ್ತು. ಮುಂದಿನ ಕುರ್ಚಿಯಲ್ಲಿ ಫರ್ನಾಂಡಿಸ್ ಇದ್ದ. ಗೇಟು ಕೊಟ್ಟವನ ಕಾರ್ಯಕ್ಕೆ ಬರದೆ ಇರುತ್ತಾನೆಯೇ.

ಶೇಠ ಜೋರಾಗಿ ಹೇಳಿದ: "ಬಾರೋ ಪರಸ್ಯಾ, ನಿನ್ನ ಮಾನ ನೀ ತಗೋ."

ನಾನು ಒಂದು ಬಕೀಟು ನೀರನ್ನು ಸಾವಕಾಶ ಸುರಿದೆ. ಒದ್ದೆ ಬಟ್ಟೆಯಿಂದ ತಿಕ್ಕಿದೆ. ಗಂಜಿ ಬಿಟ್ಟಿತು. ಆಮೇಲೆ ಕುಂಕುಮ ಕಲಸಿದ ನೀರನ್ನು ಅಂಗೈಯಿಂದ ಇಡೀ ಕಲ್ಲಿಗೆ ಬಳಿದೆ.

"ಅಷ್ಟ್ಯಾಕ ಬಳೀತಿಯೋ ಹುಚ್ಚಾ!" ಅಂದ ಶೇಠ.

"ತಡೀರಿ ಶೇಠಜಿ, ಒರಸ್ತೀನಿ."

ಒರೆಸಿ ಪಕ್ಕಕ್ಕೆ ಸರಿದೆ. ಬಿಳಿ ಕಲ್ಲಿನ ನಡುವೆ ಮೂವತ್ತೊಂಬತ್ತು ಕೆಂಪು ಚುಕ್ಕೆ. ದೂರದಿಂದ ನೋಡಿದರೆ ಅಕ್ಷರವೇ.

ಫರ್ನಾಂಡಿಸ್ ಎದ್ದು ನಿಂತ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಹಿಂದಿನಿಂದ ರೋಜಿಬಾಯಿ ಗಟ್ಟಿಯಾಗಿ ಓದಿದಳು. "ಹಾರ್ವಿ!"

ನಾನು ಹೇಳಿದೆ: "ಹೌದ್ರಿ. ಬ್ರಿಜ್ ಸಾಹೇಬನ ಕಲ್ಲು. ಇದನ್ನ ಕದ್ದಾನಂತ ನಮ್ಮಪ್ಪನ್ನ ಒಯ್ದಿದ್ರಿ."

ಶೇಠ ಜನರ ಕಡೆ ತಿರುಗಿದ. ಆಮೇಲೆ ನಾನು ಎಣಿಸದ ಮಾತು ಅಂದ:

"ಇವರಪ್ಪನ ನನಗ ಮಾರ್ಯಾನ್ರಿ ಇದನ್ನ! ಯಲ್ಲಪ್ಪನ ಮಾರ್ಯಾನ! ಕಳ್ಳಮಾಲು ಅಂತ ನನಗೇನ್ ಗೊತ್ತು?"

ಜನ ಗುಜುಗುಜು ಅಂದರು. ನಾನೇ ನನ್ನ ಕೈಯಾರೆ ಅಪ್ಪನನ್ನು ಎರಡನೇ ಸಲ ಕಳ್ಳ ಮಾಡಿದೆ ಅನಿಸಿತು. ಅವನ ಮೈಮೇಲೆ ಬೀಳಬೇಕು ಅಂತ ಸುತ್ತಿಗೆ ಹುಡುಕಿದೆ. ಸಿಗಲಿಲ್ಲ. ಒಳ್ಳೆಯದಾಯಿತು.

ರೋಜಿಬಾಯಿ ಜನರ ನಡುವೆ ಹಾದು ಮುಂದೆ ಬಂದಳು. ಗಿಡ್ಡ ಹೆಂಗಸು, ಫ್ರಾಕು ತೊಟ್ಟವಳು, ದನಿ ಮಾತ್ರ ಎಂಜಿನ್ ಸೀಟಿ.

"ಹೌದೇನ್ ಶೇಠ? ಪೊಲೀಸ್ರ ಮುಂದ ಸಹಿ ಮಾಡಿ ಏನ್ ಹೇಳಿದ್ದಿ ನೀ? ಯಲ್ಲಪ್ಪ ಕಲ್ಲ ಲೋಂಡಾಕ್ಕ ಸಾಗಿಸ್ಯಾನ, ಪ್ಯಾಟ್ಯಾಗ ಯಾವ ಅಂಗಡಿಗೂ ಬಂದಿಲ್ಲ ಅಂದಿದ್ದಿಲ್ಲ? ನನಗ ಓದಿ ತೋರಿಸ್ಯಾರ ಆ ಕಾಗದ. ನಿನ್ನ ಮಾತಿನಂಗ ಅವತ್ತ ನನ್ನ ಗಂಡನ ಗೋರಿ ಮ್ಯಾಲ ಇದ್ದ ಕಲ್ಲು ಇವತ್ತ ನಿಮ್ಮಪ್ಪನ ವಾಚನಾಲಯಕ್ಕ ಹೆಂಗ ನಡಕೋತ ಬಂತು? ಅದಕ್ಕೇನ್ ಪಾಸ್ ಕೊಟ್ಟಿದ್ರೇನ್ ರೈಲ್ವೇದವ್ರು?"

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಶೇಠ ತನ್ನ ಹೆಗಲ ಶಾಲು ತೆಗೆದು ಕಲ್ಲಿನ ಮೇಲೆ ಹಾಕಲು ಹೋದ. ಶಾಲು ನಿಲ್ಲಲಿಲ್ಲ, ಜಾರಿ ಜಾರಿ ಬಿತ್ತು. ಅವನ ಮುದಿ ತಾಯಿ ಮೂಲೆಯಲ್ಲಿ ಕೂತು ಗಂಡನ ಹೆಸರು ಹಿಡಿದು ಅಳುತ್ತಿದ್ದಳು. ನನಗೆ ಏನೂ ಅನಿಸಲಿಲ್ಲ. ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಶೇಠನ ಮೇಲೆ ಕೇಸಾಯಿತು. ಕಲ್ಲು ಸ್ಮಶಾನಕ್ಕೆ ವಾಪಸು ಬಂತು. ಅವನ ಅಪ್ಪನ ಹೆಸರನ್ನು ನಾನೇ ಕೂತು ಉಜ್ಜಿದೆ. ಅರ್ಧ ದಿನ ಅಂದುಕೊಂಡಿದ್ದೆ, ಎರಡು ತಾಸಿನಲ್ಲಿ ಹೋಯಿತು. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಆ ವಾರ ಫರ್ನಾಂಡಿಸ್ ನಮ್ಮ ಮನೆಗೆ ಬಂದ. ಅಪ್ಪ ಅವತ್ತು ಬಾಗಿಲ ಕಟ್ಟೆಯವರೆಗೆ ಬಂದು ಕೂತಿದ್ದ. ಕುಂದರ್ರಿ ಅನ್ನಲಿಲ್ಲ.

"ಒಳಗ ಹೋಗಿ ಮಾತಾಡೂಣೇನ್ ಯಲ್ಲಪ್ಪ?" ಅಂದ ಫರ್ನಾಂಡಿಸ್.

"ಬ್ಯಾಡ್ರಿ." ಅಪ್ಪ ನನ್ನ ಕಡೆ ತಿರುಗಿದ. "ಪರಸ್ಯಾ, ಓಣ್ಯಾಗ ಎಲ್ಲಾರನ್ನೂ ಕರಿ. ಒಬ್ಬರೂ ತಪ್ಪಬಾರದು."

ನಾನು ಮನೆ ಮನೆಗೆ ಹೋಗಿ ಕರೆದೆ. ಹಿಟ್ಟು ಹತ್ತಿದ ಕೈಯಲ್ಲಿ ಹೆಂಗಸರು ಬಂದರು. ಫರ್ನಾಂಡಿಸ್ ನೆಲ ನೋಡುತ್ತಾ ಹೇಳಿದ:

"ಯಲ್ಲಪ್ಪ ಕಳ್ಳ ಅಲ್ಲ. ಆ ಹಾರ್ವಿ ಬ್ಯಾರೆ, ಲೋಂಡಾದ ಹಾರ್ವಿ ಬ್ಯಾರೆ ಅಂತ ನನಗ ಅವತ್ತ ಗೊತ್ತಿತ್ತು. ಗೇಟು ಹೋಗ್ತೈತಿ ಅಂತ ಬಾಯಿ ತಗೀಲಿಲ್ಲ. ತಪ್ಪ ನಂದು."

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಹಿಂದ ನಿಂತವರಿಗೆ ಕೇಳಿಸ್ಲಿಲ್ಲಂತ್ರಿ ಸಾಹೇಬ್ರ. ಇನ್ನೊಮ್ಮೆ ಹೇಳ್ರಿ, ಸ್ವಲ್ಪ ಜೋರಾಗಿ."

ಅವನು ಇನ್ನೊಮ್ಮೆ ಹೇಳಿದ. ಅಪ್ಪ ಮೂರನೇ ಸಲವೂ ಹೇಳಿಸಿದ. ಆಮೇಲೆ ಎಲೆ ಬಾಯಿಗೆ ಹಾಕಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ, ಎರಡು ವರ್ಷದ ಮೇಲೆ ಮೊದಲ ಸಲ ಓಣಿಯ ನಡುವೆ ನಡೆದು ಹೋದ. ಕ್ಷೌರದ ಅಂಗಡಿಗೆ.

ನನಗೆ ಬಹಳ ಜನ ಹೇಳಿದರು, ಆ ಶೇಠನನ್ನು ಕರೆದು ನಾಲ್ಕು ಗೋಡೆಯೊಳಗೆ ಕೇಳಬಹುದಿತ್ತು, ಅಷ್ಟು ಮಾನ ಕಳೆಯಬಾರದಿತ್ತು ಅಂತ. ಕಲ್ಲಿನ ಕೆಲಸದವನಿಗೆ ಗೊತ್ತಿರುವುದು ಇಷ್ಟು. ಅಕ್ಷರ ತಪ್ಪಾಗಿ ಕೆತ್ತಿದರೆ ಅದನ್ನು ಮನೆಯಲ್ಲಿ ಕೂತು ಕಾಗದದ ಮೇಲೆ ತಿದ್ದಿ ಬಂದರೆ ಆಗುವುದಿಲ್ಲ. ಯಾವ ಕಲ್ಲಿನ ಮೇಲೆ ಕೆತ್ತಿದ್ದಾರೋ ಅದೇ ಕಲ್ಲಿನ ಮೇಲೆ, ಎಲ್ಲರೂ ನೋಡುವ ಜಾಗದಲ್ಲಿ ತಿದ್ದಬೇಕು. ಶೇಠ ಈಗಲೂ ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ. ಹೋಗಲಿ ಅಂತ ನಾನು ಬಿಡುವುದಿಲ್ಲ. ನಾನೂ ದಾಟುತ್ತೇನೆ.